ಗಿಡದ ಬುಡದಿಂದ ಮನೆಯವರೆಗೆ

ಹೋದ ತಿಂಗಳು ರಾಯಚೂರಿನ ಹೊರವಲಯದಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಪಕ್ಕದಲ್ಲೇ ಹತ್ತಿ ಜಿನ್ನಿಂಗ್ ಕಾರ್ಖಾನೆ. ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ನೆನೆದ ಹತ್ತಿಯನ್ನು ಅಂಗಳದ ತುಂಬ ಹರವಿ ಒಣಗಿಸುತ್ತಿದ್ದರು. ನೆನೆದ ಹತ್ತಿಗೆ ಒಂದು ವಾಸನೆಯಿದೆ. ಮಣ್ಣಿನದೂ ಅಲ್ಲ, ಎಣ್ಣೆಯದೂ ಅಲ್ಲ. ಬಹಳ ದಿನ ಸುತ್ತಿಟ್ಟ ಹಾಸಿಗೆಯನ್ನು ಬಿಚ್ಚಿದಾಗ ಬರುವಂಥದ್ದು. ಉಳಿದವರೆಲ್ಲ ಇಳಿದು ಚಹಾದಂಗಡಿ ಹುಡುಕಿಕೊಂಡು ಹೋದರು. ನಾನು ಸೀಟಿನಲ್ಲೇ ಕೂತೆ. ಆ ವಾಸನೆ ಬಂದಾಗಲೆಲ್ಲ ನನಗೆ ಮಾನ್ವಿ ಕಡೆಯ ಒಂದು ಶಾಲೆಯ ಹಿಂದಿನ ಕೋಣೆ ಕಾಣುತ್ತದೆ. ಅಲ್ಲಿ ಕಣ್ಣು ಮುಚ್ಚಿ ಕೂತ ಮಕ್ಕಳು ಕಾಣುತ್ತಾರೆ. ಅವರು ದಿನಕ್ಕಿಷ್ಟು ದಾರಿ ನಡೆಸಿಕೊಂಡು ಬರುತ್ತಿದ್ದ ಹುಡುಗಿಯೂ.

ಆ ವರ್ಷ ನಾನು ಎಂ.ಎಸ್.ಡಬ್ಲ್ಯು. ಮುಗಿಸಿ ಮನೆಯಲ್ಲಿದ್ದೆ. ಅಪ್ಪ ರಾಯಚೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಹಮಾಲಿ ಮಾಡಿ ನಮ್ಮನ್ನು ಓದಿಸಿದವರು. ಅಣ್ಣ ಆಗಲೇ ಅಂಚೆ ಇಲಾಖೆ ಸೇರಿದ್ದ. ನನಗೆ ಸಿಕ್ಕಿದ್ದು ಒಂದು ಸಂಸ್ಥೆಯಲ್ಲಿ ಒಂದು ವರ್ಷದ ಕೆಲಸ. ಆ ಸಂಸ್ಥೆಯವರು ಶಾಲಾ ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ ತರಗತಿ ನಡೆಸುತ್ತಿದ್ದರು. ದೇವದುರ್ಗ ತಾಲೂಕಿನ ಕೆಲವು ಪ್ರೌಢಶಾಲೆಗಳಿಗೆ ಕವಿತಾ ಎಂಬ ತರಬೇತುದಾರಳು ವಾರವಾರವೂ ಹೋಗಿ, ಸಣ್ಣದೊಂದು ಗಂಟೆ ಬಾರಿಸಿ, ಮಕ್ಕಳನ್ನು ಕಣ್ಣು ಮುಚ್ಚಿ ಕೂರಿಸಿ, ಉಸಿರು ಬರುವುದನ್ನೂ ಹೋಗುವುದನ್ನೂ ಸುಮ್ಮನೆ ಗಮನಿಸುವುದನ್ನು ಕಲಿಸುತ್ತಿದ್ದಳು. ಆಮೇಲೆ ಸಿಟ್ಟು, ಅಂಜಿಕೆ, ಪರೀಕ್ಷೆಯ ಭಯ, ಇಂಥವುಗಳ ಬಗ್ಗೆ ಮಾತಾಡಿಸುತ್ತಿದ್ದಳು.

ನನ್ನ ಕೆಲಸ ಕಲಿಸುವುದಲ್ಲ, ಅಳೆಯುವುದು. ತರಗತಿ ಶುರುವಾಗುವ ಮೊದಲೊಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಅವೇ ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿ ಉತ್ತರ ತರಬೇಕು. ಅದೇ ಪ್ರಶ್ನೆಗಳನ್ನು ತರಗತಿ ನಡೆಯದ ಶಾಲೆಗಳಲ್ಲೂ ಕೇಳಬೇಕು. ಅದು ಯಾಕೆಂದು ನಮ್ಮ ಮುಖ್ಯಸ್ಥರು ಅನಂತ್ ಸರ್ ಮೊದಲ ದಿನವೇ ವಿವರಿಸಿದ್ದರು. ಅವರು ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ.

"ಗೊಬ್ಬರ ಹಾಕಿದ ಹೊಲದಲ್ಲಿ ಬೆಳೆ ಚೆನ್ನಾಗಿ ಬಂತು ಅಂದುಕೊಳ್ಳಿ ಸುಜಾತಾ. ಅದು ಗೊಬ್ಬರದಿಂದ ಬಂತೋ ಮಳೆಯಿಂದ ಬಂತೋ ಹೇಗೆ ಗೊತ್ತಾಗುತ್ತೆ? ಗೊಬ್ಬರ ಹಾಕದ ಹೊಲವನ್ನೂ ನೋಡಬೇಕು. ಆ ಹೊಲಕ್ಕೆ ನೀವು ಏನೂ ಹಾಕೋ ಹಾಗಿಲ್ಲ. ಅಲ್ಲಿ ನೀವು ಕನ್ನಡಿ ಇದ್ದ ಹಾಗೆ. ಕನ್ನಡಿ ಮಾತಾಡಬಾರದು."

ಅಧ್ಯಯನ ಮುಗಿದ ಮೇಲೆ ಆ ಶಾಲೆಗಳಿಗೂ ತರಗತಿ ಕೊಡುತ್ತೇವೆ ಎಂದು ಅವರು ಮಾತು ಕೊಟ್ಟಿದ್ದರು. ನನಗೆ ಅದು ನ್ಯಾಯವೆನಿಸಿತ್ತು.

ದೇವದುರ್ಗದ ಕಡೆ ನನಗೆ ಬಂದದ್ದು ಮಸರಕಲ್ಲಿನ ಶಾಲೆ. ಮಾನ್ವಿಯ ಕಡೆ ಬಂದದ್ದು ಟಂಟಂ ಆಟೋದಲ್ಲಿ ಒಳಗೆ ಹೋಗಬೇಕಾದ ಒಂದು ಊರು. ಅದರ ಹೆಸರು ಬೇಡ. ಕಾಲುವೆ ನೀರು ಮುಟ್ಟಿದ ಕಡೆ ಭತ್ತ, ಮುಟ್ಟದ ಕಡೆ ಹತ್ತಿ. ಶಾಲೆಯ ಮುಂದೆ ಒಂದು ಕೈಪಂಪು. ಊರವರು ಬೋರಿಂಗ್ ಅನ್ನುತ್ತಿದ್ದರು. ಹಿಡಿಕೆ ಒತ್ತಿದಾಗಲೆಲ್ಲ ಅದು ನರಳುತ್ತಿತ್ತು. ಹಿಂದೆ ಒಂದು ಹಳೆಯ ಕಲ್ಲಿನ ಕೋಣೆ. ಪಾಠಕ್ಕೆ ಬಳಸುತ್ತಿರಲಿಲ್ಲ, ಸುಗ್ಗಿಯಲ್ಲಿ ಊರಿನ ಯಾರಾದರೂ ಅಲ್ಲಿ ಹತ್ತಿ ತುಂಬುತ್ತಿದ್ದರು.

ಜುಲೈನಲ್ಲಿ ಮೊದಲ ಸಲ ಆ ಊರಿನ ಒಂಬತ್ತನೆಯ ತರಗತಿಗೆ ಹೋದಾಗ ಹುಲಿಗೆಮ್ಮ ಇದ್ದಳು. ನಾನು ಒಂದೊಂದೇ ಪ್ರಶ್ನೆ ಓದುತ್ತಿದ್ದೆ, ಮಕ್ಕಳು ಗುರುತು ಹಾಕುತ್ತಿದ್ದರು. 'ಕಳೆದ ವಾರ ನಿನಗೆ ಒಂಟಿ ಅನ್ನಿಸಿತ್ತೇ?' ಎಂಬ ಪ್ರಶ್ನೆ ಬಂದಾಗ ಕಿಟಕಿ ಪಕ್ಕದ ಬೆಂಚಿನ ನಡುವಿನಿಂದ ಅವಳು ಎದ್ದು ನಿಂತಳು. ಎರಡು ಜಡೆ, ಅಗಲ ಬಾಯಿ, ಹೆದರಿಕೆಯೇ ಗೊತ್ತಿಲ್ಲದ ಮುಖ.

"ಟೀಚರ್, ಒಂಟಿ ಅಂದ್ರ ಹ್ಯಾಂಗ್ ಅನಸ್ತದ್ರೀ? ನಮ್ಮನ್ಯಾಗ ಮಲಗಿದ್ರ ಕಾಲು ಚಾಚಾಕ ಜಾಗ ಇಲ್ಲ. ಒಂಟಿ ಎಲ್ಲಿ ಆಗೋದ್ರೀ?"

ತರಗತಿಯೆಲ್ಲ ನಕ್ಕಿತು. ಅವಳ ಎಡಕ್ಕೆ ಕೂತಿದ್ದ ರೇಣುಕಾ ಲಂಗ ಹಿಡಿದೆಳೆದು, "ಕೂಡ್ರ ಬೇ, ಮಾನ ಕಳೀಬ್ಯಾಡ" ಎಂದಳು. ಬಲಕ್ಕೆ ಮೌಲಾಬಿ. ಅವಳ ಅಪ್ಪ ಮಾನ್ವಿಯ ಸಂತೆಯಲ್ಲಿ ಬಳೆ ಮಾರುವವರು. ಮಗಳ ಕೈತುಂಬ ಬಳೆ, ನಕ್ಕರೂ ಸದ್ದು, ಬರೆದರೂ ಸದ್ದು. ಈ ಮೂವರು ಒಂದೇ ಬೆಂಚು, ಒಂದೇ ಬುತ್ತಿ. ಸಂಜೆ ನಾನು ಟಂಟಂ ಹತ್ತುವಾಗ ಹುಲಿಗೆಮ್ಮ ಚಾಲಕನ ದನಿಯನ್ನೇ ಅನುಕರಿಸಿ "ಮಾನ್ವಿ, ಮಾನ್ವಿ, ಮಾನ್ವಿ!" ಎಂದು ಕೂಗುತ್ತ ಗಾಡಿಯ ಹಿಂದೆ ಓಡಿ ಬಂದಳು. ಚಾಲಕ ಬೈದ. ಅವಳು ಇನ್ನೂ ಜೋರಾಗಿ ಕೂಗಿದಳು. ನಾನು ಅವಳನ್ನು ನೋಡಿದ್ದು ಅದೊಂದೇ ದಿನ.

ಆಮೇಲಿನ ತಿಂಗಳುಗಳು ಮಸರಕಲ್ಲಿನ ಓಡಾಟದಲ್ಲಿ ಕಳೆದವು. ಕವಿತಾ ಒಳ್ಳೆಯ ಶಿಕ್ಷಕಿ. ಅವಳ ಗಂಟೆಯ ಸದ್ದಿಗೆ ಆ ಗದ್ದಲದ ಮಕ್ಕಳು ನಿಜಕ್ಕೂ ಸುಮ್ಮನಾಗುತ್ತಿದ್ದರು. ಪರೀಕ್ಷೆಯ ಹೆಸರೆತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಒಬ್ಬ ಹುಡುಗಿ ಆ ವರ್ಷ ಅರ್ಧವಾರ್ಷಿಕ ಪರೀಕ್ಷೆಗೆ ಧೈರ್ಯದಿಂದ ಕೂತಳು. ಅದನ್ನು ನಾನೇ ಕಂಡಿದ್ದೇನೆ. ಆದರೆ ನಡುವಿನ ಸುತ್ತಿನ ಪ್ರಶ್ನೆ ಕೇಳುವಾಗ ಅಲ್ಲಿಯ ಒಬ್ಬ ಹುಡುಗ ಕೈಯೆತ್ತಿ, "ಟೀಚರ್, ಹೋದ ಸಲ 'ಕೆಲವೊಮ್ಮೆ ಖುಷಿ' ಅಂತ ಹಾಕಿದ್ದೆ. ಈ ಸಲ 'ಯಾವಾಗಲೂ' ಹಾಕ್ಲೇನ್ರೀ? ಯಾವುದು ಹಾಕಿದ್ರ ನಿಮಗ ಚಲೋ ಆಗ್ತದ?" ಎಂದು ಕೇಳಿದ. ನಮ್ಮ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. ನಿನಗೆ ಹೇಗನಿಸುತ್ತದೋ ಹಾಗೆ ಹಾಕು ಎಂದೆ. ಅವನು ನನ್ನ ಮುಖ ನೋಡಿಕೊಂಡೇ ಗುರುತು ಹಾಕಿದ. ಮಕ್ಕಳ ಮನಸ್ಸನ್ನು ಅಳೆಯುತ್ತೇವೆ ಎಂದು ನಾವು ಹೋದರೆ, ಅವರು ನಮ್ಮ ಮುಖವನ್ನು ಅಳೆಯುತ್ತಾರೆ.

ಡಿಸೆಂಬರಿನಲ್ಲಿ ಮತ್ತೆ ಮಾನ್ವಿ ಕಡೆಯ ಶಾಲೆಗೆ ಹೋದೆ. ಹತ್ತಿ ಬಿಡಿಸುವ ಕಾಲ. ಹುಡುಗಿಯರ ತಲೆಗೂದಲಲ್ಲಿ ಹತ್ತಿಯ ಎಳೆ, ಬೆರಳ ತುದಿಯಲ್ಲಿ ಕಾಯಿಯ ಗೀರು. ಕಿಟಕಿ ಪಕ್ಕದ ಬೆಂಚಿನ ಒಂದು ತುದಿಗೆ ರೇಣುಕಾ, ಇನ್ನೊಂದು ತುದಿಗೆ ಮೌಲಾಬಿ ಕೂತಿದ್ದರು. ನಡುವೆ ಒಬ್ಬರು ಕೂರುವಷ್ಟು ಜಾಗ. ಹಿಂದೆ ಒಬ್ಬಳು ನಿಂತೇ ಇದ್ದಳು. "ಅಲ್ಲಿ ಜಾಗ ಅದ ಅಲ್ಲ, ಹೋಗಿ ಕೂಡು" ಎಂದೆ. ಆ ಹುಡುಗಿ ತಲೆ ತಗ್ಗಿಸಿದಳು. ರೇಣುಕಾ, ಮೌಲಾಬಿ ಇಬ್ಬರೂ ಅಲುಗಲಿಲ್ಲ. ಇಡೀ ತರಗತಿ ನನ್ನನ್ನು ನೋಡದೆ ಆ ಖಾಲಿ ಜಾಗವನ್ನೇ ನೋಡುತ್ತಿತ್ತು. ಅಲ್ಲಿ ಯಾರೋ ಕೂತಿದ್ದಾರೆ, ಈಗ ಅವರು ಏಳಬೇಕೋ ಬೇಡವೋ ಎನ್ನುವಂತೆ.

ಹೆಡ್‌ಮಾಸ್ಟರು ನನ್ನನ್ನು ಹೊರಗೆ ಕರೆದರು. ಅಕ್ಟೋಬರಿನಲ್ಲಿ, ಹತ್ತಿ ಹೊಲದಲ್ಲಿ ಕಳೆ ತೆಗೆಯುವಾಗ ಮಳೆ ಬಂದು, ಬೇವಿನ ಮರದ ಕೆಳಗೆ ನಿಂತಿದ್ದ ಹುಲಿಗೆಮ್ಮನಿಗೆ ಸಿಡಿಲು ಹೊಡೆದಿತ್ತು. ರೇಣುಕಾ ಅಲ್ಲೇ, ಕೂಗಳತೆಯಲ್ಲಿದ್ದಳಂತೆ.

"ಹೆಸರು ತಗೀಬ್ಯಾಡ್ರಿ ಮೇಡಂ" ಎಂದರು ಅವರು. "ಹುಡುಗೂರು ಅಂಜ್ಯಾವ. ಹಾಜರ್ಯಾಗಿಂದ ಅಕಿ ಹೆಸರು ತಗದೀನಿ. ನಾವ್ಯಾರೂ ಆ ಮಾತು ಎತ್ತಂಗಿಲ್ಲ. ತಾನಾಗಿ ಮರೀತಾವ."

ಅವರೂ ಕೆಟ್ಟವರಲ್ಲ. ಹೇಳುವಾಗ ಅವರ ದನಿ ಒಡೆಯಿತು. ನಾನು ಅನಂತ್ ಸರ್‌ಗೆ ಫೋನ್ ಮಾಡಿದೆ. ರೇಣುಕಾಳನ್ನು ರಾಯಚೂರಿನ ಆಸ್ಪತ್ರೆಯ ಆಪ್ತಸಮಾಲೋಚಕರಿಗೆ ತೋರಿಸಲು ಹೆಡ್‌ಮಾಸ್ಟರಿಗೆ ಹೇಳಿ, ಸಹಾಯವಾಣಿಯ ನಂಬರು ಕೊಡಿ, ಅದಕ್ಕಿಂತ ಹೆಚ್ಚು ನೀವು ಏನೂ ಮಾತಾಡಬೇಡಿ ಎಂದರು. ಹಾಗೇ ಮಾಡಿದೆ. ಹೆಡ್‌ಮಾಸ್ಟರು ನಂಬರು ಬರೆದ ಚೀಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟರು.

ಸಂಜೆ ಟಂಟಂ ಕಾಯುತ್ತ ನಿಂತಾಗ ರೇಣುಕಾ ಬಂದಳು. ಜುಲೈಗಿಂತ ಅರ್ಧ ಆಗಿದ್ದಳು.

"ಟೀಚರ್, ಮಸರಕಲ್ ನಮ್ಮ ಸೋದರಮಾವನ ಊರ್ರಿ. ಅಲ್ಲಿ ಶಾಲ್ಯಾಗ ಕಣ್ಣು ಮುಚ್ಚಿ ಕೂಡಸ್ತಾರಂತಲ್ಲ? ನಮಗ ಯಾವಾಗ ಕೂಡಸ್ತೀರಿ?"

"ಮುಂದಿನ ವರ್ಷ ಬರ್ತಾರವ್ವ."

"ಕಣ್ಣು ಮುಚ್ಚಿದ್ರ ಏನ್ ಕಾಣ್ತದ್ರೀ?"

ಕನ್ನಡಿ ಮಾತಾಡಬಾರದು. ಆದರೆ ಅವಳು ನನ್ನ ಮುಂಗೈ ಹಿಡಿದಿದ್ದಳು, ಬೆರಳುಗಳು ತಣ್ಣಗಿದ್ದವು. "ಮೊದಲು ಕತ್ತಲಿ ಕಾಣ್ತದ" ಎಂದೆ. "ಅಂಜದ ಕುಂತ್ರ ಆಮ್ಯಾಲ ಒಂದೊಂದ ಕಾಣ್ತಾವ." ಅಷ್ಟೇ ಹೇಳಿದ್ದು. ನಮ್ಮ ಮನೆಯಲ್ಲಿ ಹುಣ್ಣಿಮೆಗೆ ಅವ್ವ ಬುದ್ಧನ ಪಟದ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿ ಕೂರುವಾಗ ನನಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಮಾತದು. ಬಾಯಿಗೆ ತಾನಾಗಿ ಬಂತು.

ಸಂಕ್ರಾಂತಿ ಕಳೆದ ಮೇಲೆ ಹೆಡ್‌ಮಾಸ್ಟರ ಫೋನು ಬಂತು. ದನಿ ಗಾಬರಿಯಾಗಿತ್ತು. "ಮೇಡಂ, ಜಲ್ದಿ ಬರ್ರಿ. ನಿಮ್ಮ ಹೆಸರು ಹೇಳಿ ಹುಡುಗೂರು ದೆವ್ವ ಕರಿಯಾಕತ್ತಾವ."

ನಾನು ಹೋದಾಗ ಊಟದ ಬಿಡುವು. ಹೆಡ್‌ಮಾಸ್ಟರು ಏನೂ ಹೇಳದೆ ಹಿಂದಿನ ಕೋಣೆಯ ಕಡೆ ಕೈ ತೋರಿಸಿದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗೋಡೆಗುಂಟ ಹತ್ತಿಯ ರಾಶಿ, ಮೇಲ್ಛಾವಣಿಯ ಬಿರುಕಿನಿಂದ ಅಕಾಲ ಮಳೆಯ ನೀರಿಳಿದು ಒಂದು ಮಗ್ಗುಲು ನೆನೆದಿತ್ತು. ಆ ವಾಸನೆಯ ನಡುವೆ ಒಂಬತ್ತನೆಯ ತರಗತಿಯ ಮಕ್ಕಳು ದುಂಡಗೆ ಕೂತಿದ್ದರು. ಎಲ್ಲರ ಕಣ್ಣೂ ಮುಚ್ಚಿತ್ತು. ಮಸರಕಲ್ಲಿನಲ್ಲೂ ಅಷ್ಟು ನಿಶ್ಶಬ್ದವಾಗಿ ಕೂತ ಮಕ್ಕಳನ್ನು ನಾನು ಕಂಡಿರಲಿಲ್ಲ.

ಒಬ್ಬ ಹುಡುಗ ಹೇಳಿದ, "ಬದುವಿನ ಮ್ಯಾಲ ಬಂದಿದ್ಲು ನಿನ್ನಿ."

ಇನ್ನೊಬ್ಬಳು, "ಹಳ್ಳ ದಾಟ್ಯಾಳ. ಕಾಲು ಒದ್ದಿ ಆಗ್ಯಾವ."

ಮೌಲಾಬಿ, "ರಸ್ತಾಕ ಬಂದಾಳ. ಚಪ್ಪಲ್ ಕೈಯಾಗ ಹಿಡಕೊಂಡಾಳ."

ಎಲ್ಲರೂ ಕಾದರು. ಕೊನೆಗೆ ರೇಣುಕಾಳ ದನಿ ಬಂತು. "ಬೋರಿಂಗ್ ಹತ್ರ ಬಂದಾಳ. ನೀರು ಕುಡಿಯಾಕತ್ತಾಳ."

ಆಮೇಲೆ ಮೌಲಾಬಿಯಿಂದ ಎಲ್ಲ ತಿಳಿಯಿತು. ರೇಣುಕಾಳನ್ನು ಆಸ್ಪತ್ರೆಗೆ ಯಾರೂ ಕರೆದೊಯ್ದಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ರೇಣುಕಾಳಿಗೆ ಮರದ ಕೆಳಗೆ ನಿಂತ ಹುಲಿಗೆಮ್ಮನೇ ಕಾಣುತ್ತಿದ್ದಳು. ಅದಕ್ಕಾಗಿ ಅವಳು ನಿದ್ದೆಯನ್ನೇ ಬಿಟ್ಟಿದ್ದಳು. ನನ್ನ ಮಾತು ಕೇಳಿದ ಮೇಲೆ ಗೆಳತಿಯರನ್ನು ಈ ಕೋಣೆಗೆ ಕರೆದಳು. ಎಲ್ಲರೂ ಕೂಡಿ ಕಣ್ಣು ಮುಚ್ಚೋಣ, ಅಂಜದೆ ಕೂರೋಣ ಎಂದಳು. ಮೊದಲ ದಿನ ಎಲ್ಲರಿಗೂ ಹುಲಿಗೆಮ್ಮ ಮರದ ಕೆಳಗೇ ಕಂಡಳು. ಕೆಲವರು ಅತ್ತು ಓಡಿಹೋದರು. ಮರುದಿನ ರೇಣುಕಾ, "ಅಲ್ಲಿಂದ ಕರಕೊಂಡು ಬರೂಣು" ಎಂದಳು. ಅಂದಿನಿಂದ ಹುಡುಗರೂ ಸೇರಿ ದಿನವೂ ಸ್ವಲ್ಪ ಸ್ವಲ್ಪ ನಡೆಸಿಕೊಂಡು ಬರುತ್ತಿದ್ದರು. ಮಳೆ ನಿಲ್ಲುವವರೆಗೆ ಒಂದು ದಿನ ಕಾದರು. ಬದುವಿನ ಹತ್ತಿರ ಅವಳು ನಕ್ಕಳಂತೆ. ಹಳ್ಳದಲ್ಲಿ ಕಾಲು ಜಾರಿ, ಅಂದು ಮುಂದೆ ಬರಲಿಲ್ಲವಂತೆ.

ಅವೆಲ್ಲ ಗೊತ್ತಾಗುವ ಮೊದಲೇ, ಅಂದು, ನಾನು ಆ ಬಾಗಿಲ ಬಳಿ ಕುಸಿದು ಕೂತು ಕಣ್ಣು ಮುಚ್ಚಿದ್ದೆ. ಯಾಕೆ ಮುಚ್ಚಿದೆನೋ ಗೊತ್ತಿಲ್ಲ. ಅದೇ ಹೊತ್ತಿಗೆ ಹೊರಗೆ ಬೋರಿಂಗಿನ ಹಿಡಿಕೆ ನರಳಿತು. ಕಿರ್ರ್, ಕಿರ್ರ್, ಆಮೇಲೆ ನೀರು ಕಲ್ಲಿನ ಮೇಲೆ ಬೀಳುವ ಸದ್ದು. ಯಾರೋ ನೀರು ಹೊಡೆಯುತ್ತಿದ್ದರು. ಯಾರೆಂದು ನೋಡಲು ನಾನು ಕಣ್ಣು ತೆರೆಯಲಿಲ್ಲ.

ಹೆಡ್‌ಮಾಸ್ಟರು ಮರುದಿನಕ್ಕೆ ಊರವರನ್ನು ಬರಹೇಳಿದ್ದರು. ನೀವೇ ಮಕ್ಕಳಿಗೆ ಬುದ್ಧಿ ಹೇಳಿ ನಿಲ್ಲಿಸಬೇಕು ಎಂದು ನನ್ನನ್ನು ಕೇಳಿಕೊಂಡರು. ಅನಂತ್ ಸರ್ ಫೋನಿನಲ್ಲಿ, "ನೀವು ಸೇರಬೇಡಿ, ನಿಲ್ಲಿಸಲೂಬೇಡಿ, ಸುಮ್ಮನೆ ಗಮನಿಸಿ ಬನ್ನಿ" ಎಂದರು. ಸಂಜೆ ರಾಯಚೂರಿಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಿದಳು.

"ಇಷ್ಟು ದೂರ ಕರಕೊಂಡು ಬಂದು ಈಗ ಬಿಡ್ರಿ ಅಂತೀರೇನು? ನಡು ದಾರ್ಯಾಗ ಬಿಟ್ರ ಆ ಕೂಸು ಎಲ್ಲಿಗೆ ಹೋಗಬೇಕು?"

ಅಂದು ಮಲಗಿದಾಗ ನನಗೂ ಅದೇ ಚಿಂತೆ ಹತ್ತಿತು. ಬೋರಿಂಗಿನಿಂದ ಶಾಲೆಯ ಬಾಗಿಲಿಗೆ ಹೆಚ್ಚು ದೂರವಿಲ್ಲ. ನಾಳೆ ಅವಳು ಒಳಗೆ ಬರುತ್ತಾಳೆ. ಆ ಬೆಂಚಿನ ನಡುವೆ ಜಾಗ ಕಾದಿದೆ. ಬಂದು ಕೂತಳೆಂದರೆ ಆಮೇಲೆ ಏನು? ಮಕ್ಕಳು ಅವಳನ್ನು ಕರೆತರುವುದು ಕಲಿತಿದ್ದರು. ಕಳಿಸುವುದು ಯಾರಿಗೆ ಗೊತ್ತಿತ್ತು?

ಮರುದಿನ ಶಾಲೆಯ ಅಂಗಳ ತುಂಬಿತ್ತು. ರೇಣುಕಾಳ ಅಪ್ಪ ಸಿಟ್ಟಿನಿಂದ ಕೂಗುತ್ತಿದ್ದ. "ಸತ್ತಾಕಿನ್ನ ಕರದ್ರ ಒಬ್ಬಾಕಿನ್ನ ಜೊತಿಗೆ ಕರಕೊಂಡ ಹೋಗ್ತಾಳ. ಪೂಜಾರಿನ್ನ ಕರಸ್ರಿ. ಇಲ್ಲಾಂದ್ರ ನನ್ನ ಮಗಳ ಹೆಸರು ತಗೀರಿ." ಹಲವರು ಹೌದೆಂದರು. ಒಬ್ಬ ತಂದೆ ಆಗಲೇ ಮಗನನ್ನು ಮಾನ್ವಿಯ ಹಾಸ್ಟೆಲಿಗೆ ಸೇರಿಸಿ ಬಂದಿದ್ದ. ಆ ಹುಡುಗ ರಾತ್ರಿ ಬೆಚ್ಚಿ ಬೀಳುತ್ತಿದ್ದನಂತೆ.

ಬಳೆ ಮಾರುವ ಮೌಲಾಬಿಯ ಅಪ್ಪ ಹಿಂದೆ ನಿಂತಿದ್ದವರು ಮೆಲ್ಲಗೆ ಹೇಳಿದರು, "ನನ್ನ ಬೇಟಿ ಎರಡು ತಿಂಗಳು ನಿದ್ದಿ ಮಾಡಿದ್ದಿಲ್ಲರೀ. ಈಗ ಮಾಡಾಕತ್ತಾಳ. ಅದು ದೆವ್ವೋ ದೇವರೋ ನನಗ ಗೊತ್ತಿಲ್ಲ. ನಿದ್ದಿ ಮಾತ್ರ ಖರೇ."

ಮಾತಿಗೆ ಮಾತು ಬೆಳೆಯುತ್ತಿರುವಾಗ ಗೇಟಿನ ಬಳಿ ಒಬ್ಬ ಹೆಂಗಸು ಕಾಣಿಸಿಕೊಂಡಳು. ಹುಲಿಗೆಮ್ಮನ ತಾಯಿ ದುರುಗಮ್ಮ. ಹೊಲದಿಂದ ನೇರ ಬಂದಿದ್ದಳು, ಸೊಂಟಕ್ಕೆ ಹತ್ತಿ ಬಿಡಿಸುವ ಉಡಿ ಇನ್ನೂ ಕಟ್ಟಿತ್ತು. ಅವಳು ಬೈಯುತ್ತಾಳೆಂದು ಎಲ್ಲರೂ ಕಾದರು, ನಾನೂ. ಅವಳು ಯಾರನ್ನೂ ನೋಡದೆ ಮಕ್ಕಳು ಸಾಲಾಗಿ ನಿಂತಿದ್ದ ಕಡೆ ಹೋದಳು. ರೇಣುಕಾಳ ಮುಂದೆ ನಿಂತಳು.

"ಎಲ್ಲಿ ತನಕ ಬಂದಾಳ?"

ಮೌಲಾಬಿ ಬೋರಿಂಗಿನ ಕಡೆ ಕೈ ಮಾಡಿದಳು. ದುರುಗಮ್ಮ ತಿರುಗಿ ನೋಡಿದಳು. ಬೋರಿಂಗಿನ ಸುತ್ತ ಯಾರೂ ಇರಲಿಲ್ಲ, ಕಲ್ಲು ಮಾತ್ರ ಒದ್ದೆಯಾಗಿತ್ತು. ಬಹಳ ಹೊತ್ತು ನೋಡಿದಳು.

"ಶಾಲಿ ಒಳಗ ಕರೀಬ್ಯಾಡ್ರಿ" ಎಂದಳು. "ಮುಂಜಾನಿಂದ ಹೊಲದಾಗ ಇದ್ದಾಕಿ, ಹಸಿವಾಗಿರ್ತದ. ಮನಿಗೆ ಕರಕೊಂಡು ಬರ್ರಿ. ನಾ ರೊಟ್ಟಿ ಬಡದಿಟ್ಟಿರ್ತೀನಿ."

ಅಷ್ಟು ಹೇಳಿ ಹೊರಟುಹೋದಳು. ಪೂಜಾರಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಹೆಡ್‌ಮಾಸ್ಟರು ಬಹಳ ಹೊತ್ತು ಕನ್ನಡಕ ಒರೆಸುತ್ತ ನಿಂತಿದ್ದು, "ಶಾಲಿ ಬಿಡೂ ಗಂಟಿ ಹೊಡೀರಿ" ಎಂದು ಜವಾನನಿಗೆ ಹೇಳಿದರು.

ಮಕ್ಕಳು ಬೋರಿಂಗಿನ ಬಳಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಕಣ್ಣು ತೆರೆದು ಓಣಿಯಲ್ಲಿ ನಡೆದರು. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಸಾಲಿನ ನಡುವೆ ಒಬ್ಬರ ಜಾಗ ಬಿಟ್ಟೇ ನಡೆದರು. ಅತ್ತ ರೇಣುಕಾ, ಇತ್ತ ಮೌಲಾಬಿ. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ರೇಣುಕಾಳ ಅಪ್ಪ ದೂರದಿಂದ ಹಿಂಬಾಲಿಸುತ್ತಿದ್ದ. ಎದುರಿಗೆ ಬಂದ ಒಂದು ಎಮ್ಮೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಿತು. ಎಮ್ಮೆಗಳು ಹಾಗೆ ಸರಿಯುವುದು ಸಾಮಾನ್ಯ. ಅಂದು ಮಾತ್ರ ನನ್ನ ಮೈ ಜುಮ್ಮೆಂದಿತು.

ದುರುಗಮ್ಮನ ಮನೆ ಒಂದೇ ಕೋಣೆಯದು. ನಾನು ಮುಂದಾಗಿ ಹೋಗಿ ಬಾಗಿಲ ಬಳಿ ನಿಂತಿದ್ದೆ. ಒಲೆಯ ಪಕ್ಕದಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮಕ್ಕಳು ಅಂಗಳಕ್ಕೆ ಬಂದು ನಿಂತರು. ದುರುಗಮ್ಮ ಚೊಂಬಿನಲ್ಲಿ ನೀರು ಹಿಡಿದು ಹೊಸಿಲಿಗೆ ಬಂದಳು. ಮಕ್ಕಳ ಸಾಲಿನ ನಡುವಿನ ಆ ಖಾಲಿ ಜಾಗವನ್ನು ನೋಡಿ, ದಿನವೂ ಹೇಳುವ ದನಿಯಲ್ಲೇ ಹೇಳಿದಳು, "ಬಾ ಯವ್ವಾ. ಕಾಲು ತೊಳಕೋ."

ನೀರನ್ನು ಹೊಸಿಲ ಕೆಳಗಿನ ಕಲ್ಲಿನ ಮೇಲೆ ಸುರಿದಳು.

ನಾನು ಏನೂ ನೋಡಲಿಲ್ಲ. ಆದರೆ ಬಾಗಿಲಿನಿಂದ ಪಕ್ಕಕ್ಕೆ ಸರಿದೆ.

ಒಳಗೆ ಒಂದು ತಾಟಿಗೆ ಮೊದಲು ಬಡಿಸಿ ಗೋಡೆಯ ಕಡೆ ಇಟ್ಟಳು. ಆಮೇಲೆ ಮಕ್ಕಳಿಗೆಲ್ಲ ಕೈಗೆ ರೊಟ್ಟಿ ಕೊಟ್ಟಳು. ಎಲ್ಲರೂ ತಿಂದರು. ರೇಣುಕಾ ತಿನ್ನಲಿಲ್ಲ.

"ನಾನ ಅಂದಿದ್ನಿ ದೊಡವ್ವಾ" ಎಂದಳು. "ಅಕಿ ನನ್ನ ಜೊತಿ ಬುತ್ತಿ ಗಂಟು ತರಾಕ ಬರ್ತೀನಿ ಅಂದ್ಲು. ನೀ ತೊಯ್ಸಿಕೋಬ್ಯಾಡ, ಗಿಡದ ಬುಡಕ ನಿಂದ್ರು ಅಂತ ನಾನ ಕಳಿಸೀನಿ."

ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೇಳುತ್ತಾರೆ. ಆ ಮಾತನ್ನು ಅವಳು ಅಕ್ಟೋಬರಿನಿಂದ ಹೊತ್ತು ತಿರುಗಿದ್ದಳು. ಅಂಗಳದಲ್ಲಿ ನಿಂತಿದ್ದ ಅವಳ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಅವನಿಗೂ ಅದು ಗೊತ್ತಿರಲಿಲ್ಲ.

ದುರುಗಮ್ಮ ಅವಳ ಪಕ್ಕ ಕೂತಳು. ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. ಆಮೇಲೆ ಹೇಳಿದಳು.

"ಮಳಿ ಬಂದ್ರ ಗಿಡದ ಬುಡಕ ಹೋಗಿ ನಿಂದರ್ರಿ ಅಂತ ಸಣ್ಣಾಕಿ ಇದ್ದಾಗಿಂದ ನಿಮಗೆಲ್ಲ ಹೇಳಿಕೊಟ್ಟಾಕಿ ನಾನ ಅಲ್ಲೇನ, ಯವ್ವಾ."

ಇಬ್ಬರೂ ಅತ್ತರು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಅತ್ತರು. ಅದು ಭಯದ ಅಳುವಲ್ಲ. ಅತ್ತು ಮುಗಿದ ಮೇಲೆ ಕೆಲವರು ಇನ್ನೊಂದು ರೊಟ್ಟಿ ಕೇಳಿದರು. ರೇಣುಕಾಳೂ ಒಂದು ಚೂರು ಮುರಿದು ಬಾಯಿಗಿಟ್ಟಳು. ಹೊರಡುವಾಗ ಗೋಡೆಯ ಕಡೆಯ ತಾಟು ಹಾಗೇ ಇತ್ತು. ಯಾರೂ ಅದನ್ನು ದಾಟಲಿಲ್ಲ; ಸುತ್ತು ಹಾಕಿ ಹೊರಬಂದರು.

ಫೆಬ್ರವರಿಯಲ್ಲಿ ಕೊನೆಯ ಸುತ್ತಿನ ಪ್ರಶ್ನೆಗಳನ್ನು ಕೇಳಿದೆ. ನಿಂತಿರುತ್ತಿದ್ದ ಹುಡುಗಿ ಈಗ ಆ ಬೆಂಚಿನ ನಡುವೆ ಕೂತಿದ್ದಳು. ರಾಯಚೂರಿನ ಕಚೇರಿಯಲ್ಲಿ ಉತ್ತರಗಳನ್ನೆಲ್ಲ ಜೋಡಿಸಿದಾಗ ಅನಂತ್ ಸರ್ ನನ್ನನ್ನು ಕರೆದರು. ಏನೂ ಕೊಡದ ಆ ಶಾಲೆಯ ಮಕ್ಕಳೂ ಮಸರಕಲ್ಲಿನ ಮಕ್ಕಳಷ್ಟೇ, ಕೆಲವು ಪ್ರಶ್ನೆಗಳಲ್ಲಿ ಅವರಿಗಿಂತ ಹೆಚ್ಚೇ, ಚೇತರಿಸಿಕೊಂಡಿದ್ದರು.

"ಡಿಸೆಂಬರಿನಲ್ಲಿ ಪಾತಾಳಕ್ಕೆ ಹೋಗಿದ್ದಾರೆ, ಫೆಬ್ರವರಿಯಲ್ಲಿ ಎದ್ದು ಬಂದಿದ್ದಾರೆ. ಏನಾಯ್ತು ಸುಜಾತಾ ಅಲ್ಲಿ?"

ಎಲ್ಲ ಹೇಳಿದೆ. ರೇಣುಕಾಳಿಗೆ ಹೇಳಿದ ಒಂದು ಮಾತು, ಹತ್ತಿಯ ಕೋಣೆ, ಬೋರಿಂಗು, ರೊಟ್ಟಿ. ಮುಗಿದ ಮೇಲೆ ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು.

"ಇದು ನಮ್ಮಿಂದ ಆದದ್ದು ಅಂತ ಬರೆಯೋಕಾಗಲ್ಲ. ನಮ್ಮಿಂದ ಆದದ್ದಲ್ಲ ಅಂತಲೂ ಬರೆಯೋಕಾಗಲ್ಲ."

"ನಡೆದದ್ದನ್ನೇ ಬರೀರಿ ಸರ್."

"ಅದಕ್ಕೆ ನಮ್ಮ ವರದಿಯಲ್ಲಿ ಜಾಗ ಇಲ್ಲಮ್ಮ."

ಅಂಥ ಶಾಲೆಯನ್ನು ಲೆಕ್ಕದಿಂದ ಬಿಡುವುದು ಆ ಕೆಲಸದ ನಿಯಮ. ಹೊರಗಿನ ಪ್ರಭಾವಕ್ಕೆ ಒಳಗಾದದ್ದು ಎಂದು ಒಂದು ಸಾಲು ಬರೆದು ಬಿಟ್ಟರು. ಹೋಲಿಕೆಗೆ ಬೇರೆ ಶಾಲೆಗಳಿದ್ದವು. ತರಗತಿಗಳಿಂದ ಒಳ್ಳೆಯದಾಗಿದೆ ಎಂದು ವರದಿ ಹೇಳಿತು. ಅದು ಸುಳ್ಳೂ ಅಲ್ಲ. ಹುಲಿಗೆಮ್ಮ ಮೊದಲು ಹಾಜರಿಯಿಂದ ಹೋಗಿದ್ದಳು, ಈಗ ಅವಳ ಶಾಲೆಯೂ ಹೋಯಿತು ಎಂದು ನನಗೆ ಬಹಳ ದಿನ ಅನ್ನಿಸುತ್ತಿತ್ತು.

ಆದರೆ ಅನಂತ್ ಸರ್ ಮಾತಿಗೆ ತಪ್ಪಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಆ ಊರಿಗೂ ತರಗತಿ ಮಂಜೂರು ಮಾಡಿದರು. ನನ್ನ ಕೆಲಸ ಮುಗಿಯುತ್ತ ಬಂದಿತ್ತು. ಮಕ್ಕಳ ಪರಿಚಯ ಮಾಡಿಸಲು ಕವಿತಾಳ ಜೊತೆ ನಾನೂ ಹೋದೆ. ಅವರೀಗ ಹತ್ತನೆಯ ತರಗತಿ. ರೇಣುಕಾಳ ಮೈಯಲ್ಲಿ ಮಾಂಸ ತುಂಬಿತ್ತು, ಮುಖದಲ್ಲಿ ನಗು ಬಂದಿತ್ತು. ಹೊರಗೆ ಆಕಾಶ ಕಪ್ಪಾಗುತ್ತಿತ್ತು, ಮುಂಗಾರಿನ ಮೊದಲ ಮೋಡ.

ಕವಿತಾ ತನ್ನ ಹೆಸರು ಹೇಳಿದಳು, ಒಂದು ಹಾಡು ಹಾಡಿಸಿದಳು. ಮಕ್ಕಳು ಜೋರಾಗಿಯೇ ಹಾಡಿದರು. ಆಮೇಲೆ ಅವಳು ಬೆನ್ನು ನೇರ ಮಾಡಿ ಕೂರಿಸಿ, ಗಂಟೆ ಬಾರಿಸಿ, "ಈಗ ಎಲ್ಲರೂ ನಿಧಾನವಾಗಿ ಕಣ್ಣು ಮುಚ್ಚಿ" ಎಂದಳು.

ಯಾರೂ ಮುಚ್ಚಲಿಲ್ಲ.

ಕವಿತಾ ನಗುತ್ತ ಇನ್ನೊಮ್ಮೆ ಹೇಳಿದಳು. ಅಷ್ಟೂ ಜೋಡಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು, ಎವೆ ಕೂಡ ಬಡಿಯದೆ. ಅವಳು ಗಾಬರಿಯಾಗಿ ನನ್ನ ಕಡೆ ತಿರುಗಿದಳು. ರೇಣುಕಾ ಎದ್ದು ನಿಂತಳು. ಅವಳ ದನಿಯಲ್ಲಿ ಹಟವಿರಲಿಲ್ಲ. ದೊಡ್ಡವರಿಗೆ ಗೊತ್ತಿಲ್ಲದ್ದನ್ನು ತಾಳ್ಮೆಯಿಂದ ತಿಳಿಸುವ ಹಾಗೆ ಹೇಳಿದಳು.

"ಬ್ಯಾಡ್ರಿ ಟೀಚರ್. ಅಕಿ ಮನಿ ಮುಟ್ಯಾಳ. ಉಂಡು ಮಲಗ್ಯಾಳ. ನಾವು ಮತ್ತ ಕಣ್ಣು ಮುಚ್ಚಿದ್ರ, ಕರದಾರ ಅಂತ ಎದ್ದು ಬರ್ತಾಳ."

ದೂರದಲ್ಲಿ, ಹತ್ತಿ ಹೊಲಗಳ ಆಚೆ, ಗುಡುಗು ಉರುಳಿತು. ಬೆಂಚುಗಳಲ್ಲಿ ಒಬ್ಬರೂ ಕದಲಲಿಲ್ಲ. ಮೌಲಾಬಿ ಮಾತ್ರ ಬಳೆ ಸದ್ದಾಗದಂತೆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು, ಪಕ್ಕದಲ್ಲಿ ಮಗು ಮಲಗಿದ್ದರೆ ಹಿಡಿದುಕೊಳ್ಳುವ ಹಾಗೆ.

"ಹಂಗಾದ್ರ ಕಣ್ಣು ತೆರದ ಕೂಡ್ರಿ" ಎಂದೆ.

ಕವಿತಾ ಗಂಟೆಯನ್ನು ಕೆಳಗಿಟ್ಟಳು. ಮಳೆ ಬಂತು. ನಾವೆಲ್ಲ ಕಣ್ಣು ತೆರೆದುಕೊಂಡು, ಮೆಲ್ಲಗೆ ಉಸಿರಾಡುತ್ತ, ಅದು ನಿಲ್ಲುವವರೆಗೆ ಕೂತಿದ್ದೆವು.